ತೆರೆಯದ ಕಂಪ್ಯೂಟರಿನೊಳಗೆ ಅಕ್ಕನ ಮಗಳ ಮದುವೆ ಕಾಗದ

ಉಡುಪಿಯ ನಮ್ಮ ಮನೆಯ ಕಂಪ್ಯೂಟರಿನಲ್ಲಿ ವಿಂಡೋಸ್ ಮತ್ತು ಲಿನಕ್ಸ್ ಎಂಬ ಎರಡು ಆಪರೇಟಿಂಗ್ ಸಿಸ್ಟಮ್ ಇದ್ದವು. ಸ್ವಿಚ್ ಒತ್ತಿದರೆ ಯಾವುದು ಬೇಕೆಂದು ಅದೇ ಕೇಳುತ್ತಿತ್ತು. ಲಿನಕ್ಸಿನಿಂದ ನನಗೇನೂ ಆಗಬೇಕಾಗಿರಲಿಲ್ಲ. ವಿಂಡೋಸಿಗೆ ವೈರಸ್ ಹೊಕ್ಕು ಅದು ಮಲಗಿಬಿಟ್ಟರೆ ಇನ್ನೊಂದಿರಲಿ ಎಂದು, ಮಣಿಪಾಲದ ಒಂದು ಲ್ಯಾಬಿನಲ್ಲಿ ಕೆಲಸಕ್ಕಿದ್ದ ಗೆಳೆಯನನ್ನು ಕಾಡಿಸಿ ಹಾಕಿಸಿಕೊಂಡಿದ್ದೆ. ಮಳೆಗಾಲದಲ್ಲಿ ಎರಡು ಕೊಡೆ ಹಿಡಿದು ಹೊರಡುವ ಆಸಾಮಿ ನಾನು. ಯಾವುದು ಬೇಕೆಂದು ಕೇಳುವ ಆ ಸಣ್ಣ ಪ್ರೋಗ್ರಾಮು ಇರುವುದು ಲಿನಕ್ಸಿನ ಪಾಲಿನ ಜಾಗದಲ್ಲಿ, ಅದಿಲ್ಲದಿದ್ದರೆ ಎರಡೂ ಏಳುವುದಿಲ್ಲ ಎಂದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದಿದ್ದರೆ ಅದಕ್ಕೂ ಸ್ವಲ್ಪ ಚಿಂತೆ ಎತ್ತಿಡುತ್ತಿದ್ದೆ.

ಎರಡು ಸಾವಿರದ ನಾಲ್ಕೋ ಐದೋ ಇರಬೇಕು. ಕಾಪುವಿನಲ್ಲಿದ್ದ ಅಕ್ಕನ ಮಗಳಿಗೆ ಮದುವೆ ನಿಶ್ಚಯವಾಯಿತು. ನಮ್ಮದು ಅಳಿಯಕಟ್ಟು, ಮನೆತನ ತಾಯಿಯ ಕಡೆಯಿಂದ. ಮದುವೆ ಕಾಗದದಲ್ಲಿ ಹುಡುಗಿಯ ತಾಯಿಯ ಕಡೆಯ ಹಿರಿಯ ಗಂಡಸಿನ ಹೆಸರು ಮೊದಲು ಬರಬೇಕೆಂಬುದು ಕ್ರಮ. ಆ ಪ್ರಕಾರ ಕಾರ್ಕಳದಲ್ಲಿದ್ದ ನಮ್ಮ ಸೋದರಮಾವ ಮೊದಲು. ಆದರೆ ಹಾಲ್ ಗೊತ್ತು ಮಾಡಿದ್ದು, ಅಡುಗೆಯವರನ್ನು ಹಿಡಿದದ್ದು, ಎಲ್ಲ ಓಡಾಟವೂ ಭಾವನ ಅಣ್ಣನದ್ದು. ಅವರದು ಕಾಪುವಿನಲ್ಲಿ ಮೀನಿನ ವ್ಯಾಪಾರ, ಬೋಟಿನಲ್ಲಿ ಪಾಲು. ತನ್ನ ಹೆಸರು ಕೆಳಗೆ ಬಂದರೆ ಮದುವೆಗೆ ಬರುವುದಿಲ್ಲ ಎಂದರು ಅವರು. ಮೇಲೆ ಬರದಿದ್ದರೆ ತಾನು ಬರುವುದಿಲ್ಲ ಎಂದರು ಮಾವ. ನಡುವೆ ಸಿಕ್ಕಿಕೊಂಡ ಅಕ್ಕ ಸರಿಯಾಗಿ ಊಟ ಮಾಡುವುದನ್ನೇ ಬಿಟ್ಟಿದ್ದಳು.

ಕೊನೆಗೆ ಒಂದು ಭಾನುವಾರ ಎಲ್ಲರೂ ನಮ್ಮ ಮನೆಗೇ ಬಂದರು. ನಾನು ಕೀಲಿಮಣೆಯ ಮುಂದೆ, ಹಿಂದೆ ಎರಡು ಕುರ್ಚಿಗಳಲ್ಲಿ ಹಿರಿಯರಿಬ್ಬರು. ನಾವು ಮಾತಾಡುವುದು ತುಳು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಅವರದ್ದು ಸ್ವಲ್ಪ ಕೆಳಗೆ ತಾ," ಎಂದರು ಮಾವ.

"ಇನ್ನೂ ಕೆಳಗೆ ಹೋದರೆ ನಾನು ಪ್ರೆಸ್ಸಿನ ವಿಳಾಸದ ಹತ್ತಿರ ಕೂತುಕೊಳ್ಳಬೇಕಷ್ಟೆ," ಎಂದರು ಭಾವನ ಅಣ್ಣ.

ಮಧ್ಯಾಹ್ನ ಕಳೆಯುವಾಗ ಒಂದು ದಾರಿ ಸಿಕ್ಕಿತು. ಮಾವನ ಹೆಸರು ಮೇಲೆ, ಸಾಧಾರಣ ಅಕ್ಷರದಲ್ಲಿ. ಭಾವನ ಅಣ್ಣನದ್ದು ಕೆಳಗೆ, ಆದರೆ ದಪ್ಪ ಅಕ್ಷರದಲ್ಲಿ. ಇಬ್ಬರೂ ಪರದೆಯನ್ನು ಸ್ವಲ್ಪ ಹೊತ್ತು ನೋಡಿದರು. ಗೆದ್ದದ್ದು ತಾನೇ ಎಂದು ಇಬ್ಬರಿಗೂ ಅನ್ನಿಸಿರಬೇಕು. ಚಹಾ ಕುಡಿದು ಹೊರಟರು. ಅಕ್ಕ ಮಾತ್ರ ಚಪ್ಪಲಿ ಹಾಕಿಕೊಳ್ಳುತ್ತ, "ನಾಳೆಯೇ ಪ್ರೆಸ್ಸಿಗೆ ಕೊಟ್ಟುಬಿಡು. ಇವರು ಮನಸ್ಸು ಬದಲಾಯಿಸುವುದರೊಳಗೆ," ಎಂದಳು.

ಪ್ರಿಂಟರಿನ ಶಾಯಿ ಒಣಗಿತ್ತು. ಫ್ಲಾಪಿಗೆ ಹಾಕಿಕೊಳ್ಳೋಣವೆಂದು ಕುಳಿತರೆ, ಡಿಸ್ಕಿನಲ್ಲಿ ಜಾಗ ಕಡಿಮೆಯಾಗಿದೆ ಎಂದು ಮೂಲೆಯಲ್ಲಿ ಒಂದು ಎಚ್ಚರಿಕೆ ಎದ್ದಿತು. ಜಾಗವಿಲ್ಲದೆ ಕಾಗದ ಅರ್ಧಂಬರ್ಧ ಸೇವ್ ಆಗಿದ್ದರೆ? ಭಾವನ ಅಣ್ಣನ ಹೆಸರೇ ಹೊರಗೆ ಬಿದ್ದಿದ್ದರೆ? ಮೊದಲು ಜಾಗ ಮಾಡೋಣ, ಆಮೇಲೆ ಫ್ಲಾಪಿ ಎಂದುಕೊಂಡೆ. ಒಮ್ಮೆಯೂ ಉಪಯೋಗಕ್ಕೆ ಬಾರದ ಲಿನಕ್ಸ್ ಅಷ್ಟು ಜಾಗ ಹಿಡಿದು ಕುಳಿತಿತ್ತು. ಅದರ ಪಾಲನ್ನು ಪೂರ್ತಿ ಅಳಿಸಿ, ಕಂಪ್ಯೂಟರನ್ನು ಆರಿಸಿ ಮತ್ತೆ ಹಾಕಿದೆ.

ಕಪ್ಪು ಪರದೆ. ಎಡಮೂಲೆಯಲ್ಲಿ ಎರರ್ ಇಪ್ಪತ್ತೆರಡು ಎಂಬ ಒಂದು ಸಾಲು. ವಿಂಡೋಸೂ ಇಲ್ಲ.

ಹೆಂಡತಿ ಒಳಗಿನಿಂದ ಬಂದು ನೋಡಿದಳು. "ಎರಡು ಉಂಟಲ್ಲ ನಿಮಗೆ. ಇನ್ನೊಂದರಲ್ಲಿ ತೆಗೆಯಿರಿ."

ಹೆಸರುಗಳು ಯಾವ ಕ್ರಮದಲ್ಲಿದ್ದವೆಂದು ನನಗೆ ನೆನಪಿತ್ತು. ಆದರೆ ನನ್ನ ನೆನಪಿನ ಮೇಲೆ ನನಗೆ ಯಾವತ್ತೂ ಭರವಸೆಯಿಲ್ಲ. ಹೊಸದಾಗಿ ಟೈಪ್ ಮಾಡುವ ಮೊದಲು ಕೇಳಿಕೊಳ್ಳುವುದು ಒಳ್ಳೆಯದೆಂದು ಮರುದಿನ ಬೆಳಿಗ್ಗೆ ಕಾರ್ಕಳಕ್ಕೆ ಫೋನ್ ಮಾಡಿ, ಕಂಪ್ಯೂಟರ್ ಕೆಟ್ಟಿದೆ ಎಂದು ಹೇಳಿ ಕೇಳಿದೆ. "ನನ್ನದು ಮೇಲೆ, ದಪ್ಪದಲ್ಲಿ," ಎಂದರು ಮಾವ. "ನಾನೇ ನೋಡಿದ್ದೇನಲ್ಲ." ಕಾಪುವಿಗೂ ಮಾಡಿ ಅದನ್ನೇ ಹೇಳಿದೆ. "ಇಬ್ಬರದ್ದೂ ಒಂದೇ ಸಾಲಿನಲ್ಲಿ ಅಂತ ಆದದ್ದಲ್ವಾ?" ಎಂದರು ಭಾವನ ಅಣ್ಣ. ಆಮೇಲೆ ದನಿ ಬದಲಾಯಿತು. "ಎಂತ, ಕಾರ್ಕಳದವರು ತಿರುಗಿ ಬಾಯಿ ಹಾಕಿದರಾ?"

ನಾನು ಫೋನ್ ಇಟ್ಟು ಸಿಪಿಯುವಿನ ವೈರುಗಳನ್ನು ಬಿಚ್ಚಿದೆ. ಪೆಟ್ಟಿಗೆಯನ್ನು ಅಪ್ಪಿಕೊಂಡು ಮಣಿಪಾಲದ ಬಸ್ಸು ಹತ್ತಿದೆ.

"ಎಂತ ಅದು?" ಎಂದ ಕಂಡಕ್ಟರ್.

"ಕಂಪ್ಯೂಟರ್. ಹಾಳಾಗಿದೆ."

"ಅದನ್ನೂ ಮಣಿಪಾಲಕ್ಕೇ ತರುವುದಾ? ಮಡಿಲಲ್ಲಿಟ್ಟು ಕೂತುಕೊಳ್ಳಿ, ಪೇಷಂಟ್ ಅಲ್ವಾ."

ಗೆಳೆಯ ಲ್ಯಾಬಿನ ಮೇಜಿನ ಮೇಲೆ ಅದನ್ನು ಹಚ್ಚಿ ಒಂದು ಸಲ ನೋಡಿದ. "ಲಿನಕ್ಸ್ ಎಂತಕ್ಕೆ ತೆಗೆದದ್ದು?"

"ಮದುವೆ ಕಾಗದಕ್ಕೆ ಜಾಗ ಮಾಡಲಿಕ್ಕೆ."

"ಒಂದು ಪುಟದ ಮದುವೆ ಕಾಗದಕ್ಕಾ?" ಅವನು ನಗಲಿಲ್ಲ, ನಕ್ಕಿದ್ದರೆ ವಾಸಿಯಿತ್ತು. "ಫೈಲು ಎಲ್ಲಿಗೂ ಹೋಗಿರುವುದಿಲ್ಲ ಮಾರಾಯ. ಡಿಸ್ಕಿನ ಶುರುವಿನಲ್ಲಿ ಒಂದು ಸಣ್ಣ ಬರಹ ಉಂಟು, ಅದು ಇನ್ನೂ ಲಿನಕ್ಸನ್ನೇ ಹುಡುಕುತ್ತಾ ಉಂಟು. ಅಲ್ಲಿ ವಿಂಡೋಸಿನದ್ದನ್ನು ಬರೆದರೆ ಆಯಿತು."

ವಿಂಡೋಸಿನ ಸಿಡಿ ಹಾಕಿ ಏನೋ ಒಂದು ಆಜ್ಞೆ ಟೈಪ್ ಮಾಡಿದ. ಹೀಗೆ ಮಾಡಿದರೆ ಡಿಸ್ಕಿನಲ್ಲಿರುವುದೆಲ್ಲ ಕೈತಪ್ಪಿ ಹೋಗಬಹುದು, ಮುಂದುವರಿಯಲೇ ಎಂದು ಯಂತ್ರ ಕೇಳಿತು.

"ಸ್ವಲ್ಪ ನಿಲ್ಲು," ಎಂದೆ.

"ಸುಮ್ಮನೆ ಹೆದರಿಸುವುದು ಅದು."

"ಕಾರಣ ಇಲ್ಲದೆ ಯಾರಾದರೂ ಹೆದರಿಸುತ್ತಾರಾ?"

ಅವನು ನನ್ನನ್ನು ಕಾರಿಡಾರಿನಲ್ಲಿ ನಿಂತುಕೊಳ್ಳಲು ಹೇಳಿದ. ತಿರುಗಿ ಒಳಗೆ ಕರೆದಾಗ ವಿಂಡೋಸ್ ಎದ್ದು ಕುಳಿತಿತ್ತು. ಕಾಗದ ಇದ್ದಲ್ಲೇ ಇತ್ತು. ಮಾವ ಮೇಲೆ, ಸಾಧಾರಣ. ಭಾವನ ಅಣ್ಣ ಕೆಳಗೆ, ದಪ್ಪ. ನನಗೆ ನೆನಪಿದ್ದ ಹಾಗೆಯೇ. ಫ್ಲಾಪಿಗೆ ಹಾಕಿಸಿಕೊಂಡು, ಹತ್ತಿರದ ಬೂತಿನಿಂದ ಅಕ್ಕನಿಗೆ ಫೋನ್ ಮಾಡಿ ಸಿಕ್ಕಿತು ಎಂದೆ.

"ಕಾಗದವೇನೋ ಸಿಕ್ಕಿತು," ಎಂದಳು ಅಕ್ಕ. "ಬೆಳಿಗ್ಗೆಯಿಂದ ಇಬ್ಬರೂ ಇಲ್ಲಿಗೆ ಫೋನ್ ಮಾಡುತ್ತಿದ್ದಾರೆ. ಒಬ್ಬರಿಗೆ ಮೇಲೆಯೂ ಬೇಕು, ದಪ್ಪವೂ ಬೇಕು. ಇನ್ನೊಬ್ಬರಿಗೆ ಪಕ್ಕದಲ್ಲೇ ಆಗಬೇಕಂತೆ. ಮುಗಿದದ್ದನ್ನು ನೀನು ಕೇಳಲಿಕ್ಕೆ ಹೋದದ್ದು ಯಾಕೆ?"

ಕಂಪ್ಯೂಟರಿನಲ್ಲಿ ಒಂದಕ್ಷರವೂ ಅಳಿಸಿರಲಿಲ್ಲ. ಅಳಿಸಿಹೋದದ್ದು ಭಾನುವಾರದ ಒಪ್ಪಂದ. ಅದಕ್ಕೆ ಹಾಕಲು ಗೆಳೆಯನ ಹತ್ತಿರ ಸಿಡಿ ಇರಲಿಲ್ಲ.

ಆಮೇಲೆ ಅಕ್ಕ ಕೇಳಿದಳು, "ಕಂಪ್ಯೂಟರ್ ಸರಿಯಾದದ್ದು ಯಾರಿಗೆಲ್ಲ ಗೊತ್ತುಂಟು?"

"ನನಗೆ, ನನ್ನ ಗೆಳೆಯನಿಗೆ. ಈಗ ನಿನಗೆ."

"ಅಷ್ಟು ಜನ ಸಾಕು. ಕಂಪ್ಯೂಟರ್ ಸರಿಯಾಗಲೇ ಇಲ್ಲ, ಕಾಗದ ಮಾತ್ರ ಹೇಗೋ ಹೊರಗೆ ಬಂತು, ಇನ್ನು ಅದರಲ್ಲಿ ಒಂದಕ್ಷರ ಆಚೀಚೆ ಮಾಡಲಿಕ್ಕೆ ಆಗುವುದಿಲ್ಲ ಅಂತ ನಾನು ಹೇಳುತ್ತೇನೆ. ನೀನು ಯಾರಿಗೂ ಫೋನ್ ಮಾಡಬೇಡ."

"ಪ್ರೆಸ್ಸಿನಲ್ಲಿ ಬದಲಾಯಿಸಬಹುದಲ್ಲ ಅಂತ ಕೇಳಿದರೆ?"

"ಅದನ್ನು ಕೇಳುವುದು ನೀನೊಬ್ಬನೇ," ಎಂದು ಫೋನ್ ಇಟ್ಟಳು.

ಅವಳು ಹೇಳಿದ ಹಾಗೇ ಆಯಿತು. ಒಬ್ಬರಿಗೊಬ್ಬರು ತಲೆಬಾಗದ ಹಿರಿಯರು ಯಂತ್ರಕ್ಕೆ ಬಾಗಿದರು. ಮಿಷನ್ ಅಲ್ವಾ, ಅದರ ಹತ್ತಿರ ಜಗಳ ಮಾಡಲಿಕ್ಕಾಗುತ್ತದಾ ಎಂದರಂತೆ ಮಾವ. ಬೋಟಿನ ಇಂಜಿನೂ ಹೀಗೆಯೇ ಎಂದರಂತೆ ಭಾವನ ಅಣ್ಣ. ಮದುವೆಗೆ ಇಬ್ಬರೂ ಬಂದು ಮುಂದಿನ ಸಾಲಿನಲ್ಲೇ ಕುಳಿತರು. ಅಕ್ಕ ಆ ದಿನ ಎರಡು ಸಲ ಅನ್ನ ಹಾಕಿಸಿಕೊಂಡು ಉಂಡಳು.

ಅದರ ನಂತರ ಮಾವ ಉಡುಪಿಗೆ ಬಂದಾಗಲೆಲ್ಲ, ಗೇಟಿನ ಸದ್ದು ಕೇಳಿದ ಕೂಡಲೇ ಓಡಿಹೋಗಿ ಕಂಪ್ಯೂಟರಿನ ವೈರು ಕಿತ್ತಿಡುವುದು ನನ್ನ ಕೆಲಸವಾಯಿತು. ಅವರು ಒಳಗೆ ಬಂದು, ಕಪ್ಪು ಪರದೆಯನ್ನು ನೋಡಿ, "ಇನ್ನೂ ಇಲ್ವಾ?" ಎಂದು ದನಿ ತಗ್ಗಿಸಿ ಕೇಳುತ್ತಿದ್ದರು.

"ಇನ್ನೂ ಇಲ್ಲ ಮಾವ," ಎನ್ನುತ್ತಿದ್ದೆ.