ಕತ್ತಲಲ್ಲಿ ಕೇಳಿದ ‘ಔಟ್’

ಬೆಳಿಗ್ಗೆ ಆರಕ್ಕೆ ಎದ್ದು ನಿಂತ ಮೈರೋಮ ಇನ್ನೂ ಕೂತಿಲ್ಲ, ಸ್ನೇಹಿತರೇ.

ಚೆನ್ನೈ ಕೀಲ್ಪಾಕ್‌ನ ನಮ್ಮ ಶಟಲ್ ಕೋರ್ಟಿನಲ್ಲಿ ಆಟದ ಮಧ್ಯೆ ಕರೆಂಟ್ ಹೋಯಿತು. ಕಿಟಕಿಯಿಲ್ಲದ ಶೆಡ್ಡು, ಗವ್ವೆನ್ನುವ ಕತ್ತಲು. ಎದುರಿನಿಂದ ಸೆಲ್ವಂ ಹೊಡೆದ ಶಟಲ್ ನನ್ನ ಹಿಂದೆಲ್ಲೋ ಟಪ್ ಎಂದು ಬಿತ್ತು. ಆಗ ಗೋಡೆಯ ಕಡೆಯಿಂದ ಏರಿಳಿತವೇ ಇಲ್ಲದ, ಮನುಷ್ಯರದ್ದಲ್ಲದ ದನಿಯೊಂದು ಹೇಳಿತು: “ಔಟ್.”

ಸೆಲ್ವಂ “ಮುರುಗಾ!” ಎಂದ.

ದೀಪ ಬಂತು. ಬೆಂಚಿನ ಮೇಲೆ ಶ್ರೀಧರ ಕೂತಿದ್ದ. ಹದಿನೈದು ವರ್ಷ ನಮ್ಮ ಜೊತೆ ಆಡಿದವನು. ಕ್ಯಾನ್ಸರಿಗೆ ಧ್ವನಿಪೆಟ್ಟಿಗೆ ತೆಗೆಸಿಕೊಂಡು ಎರಡು ತಿಂಗಳಾಗಿತ್ತು. ಯಾವಾಗ ಬಂದು ಕೂತನೋ ಯಾರೂ ನೋಡಿರಲಿಲ್ಲ. ಟಾರ್ಚಿನಂಥ ಪುಟ್ಟ ಯಂತ್ರವನ್ನು ಕುತ್ತಿಗೆಗೆ ಒತ್ತಿಕೊಂಡಿದ್ದ. ಈಗ ಅವನ ಮಾತೆಲ್ಲ ಅದರ ಮೂಲಕವೇ.

ಶಟಲ್ ಗೆರೆಯಿಂದ ಒಂದು ಗೇಣು ಒಳಗೇ ಬಿದ್ದಿತ್ತು. ಆದರೂ ಸೆಲ್ವಂ ತಲೆ ತಗ್ಗಿಸಿ, “ಸರಿ ಸಾರ್, ಔಟ್ ದಾನ್,” ಎಂದ. ಜಗಳವಿಲ್ಲದೆ ಒಂದು ಪಾಯಿಂಟನ್ನೂ ಬಿಟ್ಟುಕೊಡದ ಗುಂಪು ನಮ್ಮದು. ಇವತ್ತು ಎಲ್ಲರ ಬಾಯಿಗೂ ಬೀಗ.

ಶ್ರೀಧರ ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿದ. ಯಂತ್ರ ಮತ್ತೆ ಗುಂಯ್‌ಗುಟ್ಟಿತು: “ಯಾಕ್ರೋ, ಯಾರೂ ಜಗಳ ಆಡ್ತಿಲ್ಲ? ನಾನೇನು ಸತ್ತುಹೋಗಿದ್ದೀನಾ?”

ಸೆಲ್ವಂ ಶಟಲ್ ಬಿದ್ದ ಜಾಗ ತೋರಿಸುತ್ತಾ ಕಿರುಚಿದ: “ಯೋವ್! ಇನ್‌ಯಾ ಅದು! ಉನಕ್ಕು ಕಣ್ಣು ಇರುಕ್ಕಾ, ಇಲ್ಲೈಯಾ?”

ಹತ್ತು ನಿಮಿಷ ಭರ್ಜರಿ ಜಗಳ ನಡೆಯಿತು. ಕೊನೆಗೆ ಆ ಪಾಯಿಂಟನ್ನು ಮತ್ತೆ ಆಡಿದೆವು. ಸೆಲ್ವಂ ಹೊಡೆದ ಶಟಲ್ ಇನ್ನೂ ಗಾಳಿಯಲ್ಲಿತ್ತು, ಬೆಂಚಿನಿಂದ ಆ ದನಿ ಹೇಳಿತು: “ಔಟ್.”