ಕಲಸಿಹೋದ ಕೈಮಾತು

ಇಬ್ರಾಹಿಂಪುರದ ಸಂಘಮಿತ್ರಾ ವಿಜಯಪುರದ ಒಂದು ಸ್ಟುಡಿಯೋದಲ್ಲಿ ಮದುವೆ, ಸೀಮಂತದ ವಿಡಿಯೋಗಳನ್ನು ಎಡಿಟ್ ಮಾಡುತ್ತಾಳೆ. ಅವಳ ಅಣ್ಣ ರಾಜರತ್ನನಿಗೆ ಹುಟ್ಟಿನಿಂದಲೇ ಕಿವಿ ಕೇಳಿಸದು. ಅವನು ಬಬಲೇಶ್ವರದಲ್ಲಿ ಗೇಟು, ಕಿಟಕಿ ಮಾಡುವ ವೆಲ್ಡಿಂಗ್ ಅಂಗಡಿಯಲ್ಲಿ ದುಡಿಯುತ್ತಾನೆ. ಚಿಕ್ಕಂದಿನಿಂದ ಅವನ ಸನ್ನೆ ಕಲಿತು, ಅವನ ಪರವಾಗಿ ಊರಿನೊಂದಿಗೆ ಮಾತಾಡಿದವಳು ಈ ತಂಗಿಯೇ. ಬ್ಯಾಂಕಿನಲ್ಲಿ, ದವಾಖಾನೆಯಲ್ಲಿ, ಕಡೆಗೆ ಅವನ ಮೊದಲ ಮದುವೆ ಮುರಿದಾಗ ವಕೀಲರ ಮುಂದೆಯೂ.

ಆ ಮದುವೆ ಒಂದು ವರ್ಷವೂ ಬಾಳಿರಲಿಲ್ಲ. ಕನಮಡಿಯ ಆ ಹುಡುಗಿಗೆ ಕಿವಿ ಕೇಳಿಸುತ್ತಿತ್ತು, ಸನ್ನೆ ಬರುತ್ತಿರಲಿಲ್ಲ. ಇಬ್ಬರೂ ಒಂದೇ ಮನೆಯಲ್ಲಿದ್ದು ಒಬ್ಬರನ್ನೊಬ್ಬರು ಅರಿಯದೆ ಬೇರೆಯಾದರು.

ಹೋದ ವರ್ಷ ತಿಕೋಟಾದ ಯಶೋಧರಾಳ ಸಂಬಂಧ ಬಂತು. ಅವಳಿಗೂ ಕಿವಿ ಕೇಳಿಸದು. ಹೊಲಿಗೆ ಕೆಲಸ ಮಾಡುತ್ತ ತಾಯಿ ತಿಪ್ಪವ್ವನ ಜೊತೆಗಿದ್ದಳು. ರಾಜರತ್ನ ಮನೆಯವರಿಗೆಲ್ಲ ಒಂದೇ ಮಾತು ಹೇಳಿದ: "ಮೊದಲ ಮದುವೆಯ ವಿಷಯ ಯಾರೂ ಬಾಯಿಂದ ಹೇಳಬೇಡಿ. ನಾನೇ ಅವಳಿಗೆ ಕೈಯಿಂದ ಹೇಳುತ್ತೇನೆ."

ಸಂಘಮಿತ್ರಾ ಸ್ಟುಡಿಯೋದ ಒಳ್ಳೆಯ ಕ್ಯಾಮೆರಾದಲ್ಲಿ ಅವನ ವಿಡಿಯೋ ತೆಗೆದಳು. ನೀಲಿ ಗೋಡೆಯ ಮುಂದೆ ನಿಂತು ಅವನು ತನ್ನ ಹೆಸರು, ಕೆಲಸ, ಇಷ್ಟವಾದ ಊಟ ಎಲ್ಲವನ್ನೂ ನಿಧಾನವಾಗಿ ಹೇಳಿದ. ಮುರಿದ ಮದುವೆಯ ಮಾತು ಬಂದಾಗ ಕೈಗಳು ತಾವಾಗಿಯೇ ಜೋರಾದವು. ಮನಸ್ಸು ಕಲಕಿದಾಗ ಅವನು ಹಾಗೆಯೇ.

ಫೈಲು ಬಹಳ ದೊಡ್ಡದಿತ್ತು. ಯಶೋಧರಾಳ ಹಳೆಯ ಫೋನಿನಲ್ಲಿ ಜಾಗ ಕಡಿಮೆಯೆಂದು ಸಂಘಮಿತ್ರಾಗೆ ಗೊತ್ತಿತ್ತು. ಚಿತ್ರದ ಅಳತೆಯನ್ನು ಮೊದಲಿನಂತೆ ಎಚ್.ಡಿ.ಯಾಗಿಯೇ ಇಟ್ಟು, ಬಿಟ್‌ರೇಟನ್ನು, ಅಂದರೆ ಒಂದೊಂದು ಸೆಕೆಂಡಿನ ಚಿತ್ರಕ್ಕೆ ಸಿಗುವ ಮಾಹಿತಿಯ ಪಾಲನ್ನು, ತೀರಾ ಇಳಿಸಿಬಿಟ್ಟಳು. ಫೈಲು ಚಿಕ್ಕದಾಯಿತು. ಹೀಗೆ ಇಳಿಸಿದರೆ ಏನಾಗುತ್ತದೆ ಎಂಬುದನ್ನು ಸ್ಟುಡಿಯೋ ಮಾಲೀಕ ಜಾವೀದ ಅವಳಿಗೆ ಕೆಲಸಕ್ಕೆ ಸೇರಿದ ಹೊಸದರಲ್ಲೇ ಹೇಳಿದ್ದ.

"ನಿಂತ ಗ್ವಾಡಿಗಿ ಏನೂ ಬೇಕಾಗಂಗಿಲ್ಲ. ಅಲ್ಲಾಡೋದಕ್ಕ ಬಿಟ್‌ರೇಟ್ ಬೇಕು. ಮದುವಿ ಮೆರವಣಿಗಿ ವರಾತದಾಗ ಕುಣಿಯೋ ಮಂದಿ ನೋಡು, ರೇಟ್ ಸಾಲಲಿಲ್ಲಂದ್ರ ಎಲ್ಲಾರೂ ಚೌಕ ಚೌಕ ಕಲ್ಲಾಗಿಬಿಡ್ತಾರ. ಮ್ಯಾಲೆ ಎಚ್.ಡಿ. ಅಂತ ಬರದ್ರ ಏನ್ ಬಂತು?"

ಕಳಿಸುವ ಮೊದಲು ನೋಡಿದಳು. ಗೋಡೆ ಸ್ವಚ್ಛ. ಅಣ್ಣನ ಮುಖ, ಅಂಗಿಯ ಗುಂಡಿ ಸ್ವಚ್ಛ. ಮೊದಲ ಮದುವೆಯ ಮಾತಿನಲ್ಲಿ ಮಾತ್ರ ಬೆರಳುಗಳು ಕರಗಿ, ಎದೆಯ ಮುಂದೆ ಕಂದು ಬಣ್ಣದ ಮುದ್ದೆಯೊಂದು ಹರಿದಾಡುತ್ತಿತ್ತು. ಬಿಟ್‌ರೇಟ್ ಏರಿಸಿ ಮೂಲ ಫೈಲಿನಿಂದ ಮತ್ತೊಮ್ಮೆ ಮಾಡಿದರೆ ಸರಿಹೋಗುತ್ತಿತ್ತು. ಕಾಣದಿದ್ದರೇನಂತೆ, ಮದುವೆಯಾದ ಮೇಲೆ ತಿಳಿದರಾಯಿತು ಎಂದುಕೊಂಡು ಹಾಗೆಯೇ ಕಳಿಸಿದಳು.

ಸಂಜೆ ಯಶೋಧರಾಳಿಂದ ಮೆಸೇಜ್ ಬಂತು: "ನಡುವೆ ಕೈ ಕಾಣಲಿಲ್ಲ. ಏನು ಹೇಳಿದ್ದಾರೆ?"

"ಕೆಲಸದ ವಿಷಯ" ಎಂದು ಸಂಘಮಿತ್ರಾ ಬರೆದಳು.

ಎರಡೂ ಮನೆಯವರು ತಿಕೋಟಾದಲ್ಲಿ ಕೂಡಿದರು. ಹುಡುಗ ಹುಡುಗಿ ಕಟ್ಟೆಯ ಮೇಲೆ ಕುಳಿತು ಬಹಳ ಹೊತ್ತು ಮಾತಾಡಿದರು. ಹೇಳಬೇಕಾದದ್ದನ್ನು ಹೇಳಿಯಾಗಿದೆ ಎಂಬ ನೆಮ್ಮದಿಯಲ್ಲಿ ರಾಜರತ್ನ ಆ ಮಾತನ್ನು ಮತ್ತೆ ಎತ್ತಲಿಲ್ಲ. ಮರಳುವಾಗ ಬಸ್ಸಿನಲ್ಲಿ ತಂಗಿಗೆ ಹೇಳಿದ: "ಎಲ್ಲ ಗೊತ್ತಿದ್ದೂ ನಕ್ಕಳು, ನೋಡಿದೆಯಾ?" ಸಂಘಮಿತ್ರಾ ಕಿಟಕಿಯ ಕಡೆ ಮುಖ ತಿರುಗಿಸಿದಳು. ಕಣ್ಣು ತಪ್ಪಿಸಿದರೆ ಅವನ ಮಾತು ಅಲ್ಲಿಗೇ ನಿಲ್ಲುತ್ತದೆ ಎಂದು ಅವಳಿಗೆ ಗೊತ್ತಿತ್ತು. ಅಂದಿನಿಂದ ಸ್ಟುಡಿಯೋದಲ್ಲಿ ಯಾರ ಮದುವೆಯ ವಿಡಿಯೋ ತೆರೆದರೂ ಮೊದಲು ಕೈಗಳೇ ಕಾಣುತ್ತಿದ್ದವು. ಅಣ್ಣನಿಗೆ ಹೇಳಿಬಿಡಬೇಕೆಂದು ಹೊರಟವಳು ಪ್ರತಿ ಸಲವೂ ಬೇರೇನೋ ಹೇಳಿ ಸುಮ್ಮನಾಗುತ್ತಿದ್ದಳು.

ಒಂದು ದಿನ ತಿಪ್ಪವ್ವನ ಫೋನ್ ಬಂತು.

"ಸಂತಿಯೊಳಗ ಬಬಲೇಶ್ವರದವ್ರು ಸಿಕ್ಕಿದ್ರು ತಂಗಿ. ನಿಮ್ಮಣ್ಣಂದು ಇದು ಎರಡನೇ ಲಗ್ನ ಅಂದ್ರು. ಖರೇ ಏನು?"

"ಖರೇ ಅದರಿ ಅತ್ತಿ."

"ಮತ್ತ ಯಾಕ ಮುಚ್ಚಿಟ್ಟಾನ? ನನ್ನ ಮಗಳಿಗಿ ಕೇಳಸಂಗಿಲ್ಲ ಅಂತ ಯಾರ ಬೇಕಾದ್ರೂ ಮೋಸ ಮಾಡಬಹುದೇನು?"

"ಅವ ಮುಚ್ಚಿಟ್ಟಿಲ್ಲರಿ. ಮುಚ್ಚಿಟ್ಟಾಕಿ ನಾ. ನಾಳಿ ಬಂದು ಎಲ್ಲಾ ಹೇಳ್ತೀನ್ರಿ."

ಮರುದಿನ ಮೊದಲು ಬಬಲೇಶ್ವರಕ್ಕೆ ಹೋದಳು. ರಾಜರತ್ನ ಬೆಸುಗೆ ನಿಲ್ಲಿಸಿ ಮುಖದ ಕವಚ ಮೇಲೆತ್ತಿದ. ಅವಳು ಏನನ್ನೂ ಬಿಡದೆ ಹೇಳಿದಳು. ಅವನು ಅವಳ ಕೈಗಳನ್ನೇ ನೋಡುತ್ತಿದ್ದ. ಬೈಯಲಿಲ್ಲ.

"ಅವಳು ಗೊತ್ತಿಲ್ಲದೆ ನಗುತ್ತಿದ್ದಳು" ಎಂದಷ್ಟೇ ಹೇಳಿ ಕವಚ ಕೆಳಗೆ ಎಳೆದುಕೊಂಡ. ಕವಚ ಹಾಕಿಕೊಂಡ ಮೇಲೆ ಅವನಿಗೆ ಹೇಳುವ ದಾರಿ ಯಾವುದೂ ಉಳಿಯಲಿಲ್ಲ.

ತಿಕೋಟಾದಲ್ಲಿ ತಿಪ್ಪವ್ವ ನೀರು ಕೊಟ್ಟು ಮಗಳನ್ನು ಕರೆದಳು. ಸಂಘಮಿತ್ರಾ ಲ್ಯಾಪ್‌ಟಾಪ್ ತೆರೆದು ಇಳಿಸದ ಮೂಲ ಫೈಲನ್ನು ಯಶೋಧರಾಳ ಮುಂದಿಟ್ಟಳು. ಅದರಲ್ಲಿ ರಾಜರತ್ನನ ಒಂದೊಂದು ಬೆರಳೂ ತಿಳಿಯಾಗಿ ಕಾಣುತ್ತಿತ್ತು. "ನನಗೆ ಒಮ್ಮೆ ಮದುವೆಯಾಗಿತ್ತು. ಅವಳು ಕೆಟ್ಟವಳಲ್ಲ. ಅವಳ ಮಾತು ನನಗೆ, ನನ್ನ ಮಾತು ಅವಳಿಗೆ ತಿಳಿಯಲೇ ಇಲ್ಲ. ಮನೆಯಲ್ಲಿ ಒಬ್ಬನೇ ಇದ್ದಂತೆ ಇದ್ದೆ. ಅದಕ್ಕೇ ಕೈಯಲ್ಲಿ ಮಾತಾಡುವವರನ್ನು ಹುಡುಕುತ್ತಿದ್ದೇನೆ. ಬೇಡವೆನಿಸಿದರೆ ಬೇಡ ಎನ್ನು, ನನಗೆ ಸಿಟ್ಟಿಲ್ಲ."

ಯಶೋಧರಾ ಅಷ್ಟನ್ನೇ ಮತ್ತೊಮ್ಮೆ ನೋಡಿದಳು. ಆಮೇಲೆ ತನ್ನ ಫೋನ್ ತೆಗೆದು "ಕೆಲಸದ ವಿಷಯ" ಎಂಬ ಮೆಸೇಜನ್ನು ಸಂಘಮಿತ್ರಾಗೆ ತೋರಿಸಿದಳು.

"ಯಾಕೆ?"

"ನೀನು ಬೇಡ ಅಂದುಬಿಟ್ಟರೆ ಎಂಬ ಹೆದರಿಕೆ."

"ಬೇಡ ಅನ್ನುವುದು ನನ್ನ ಮಾತು. ವಿಡಿಯೋದಲ್ಲಿರುವುದು ಅವರ ಮಾತು. ಎರಡನ್ನೂ ನೀನೇ ಆಡಿದೆ."

ಸಂಘಮಿತ್ರಾ ಇಷ್ಟು ವರ್ಷ ಅಣ್ಣನ ಬಾಯಾಗಿದ್ದೇನೆಂದು ಒಳಗೊಳಗೇ ಹೆಮ್ಮೆಪಟ್ಟುಕೊಂಡಿದ್ದಳು. ಬ್ಯಾಂಕಿನಲ್ಲಿ, ದವಾಖಾನೆಯಲ್ಲಿ ಅವನು ಹೇಳಿದ್ದರಲ್ಲಿ ಎಷ್ಟನ್ನು ನನಗೆ ತಿಳಿದಂತೆ ಮೊಟಕುಮಾಡಿ ಹೇಳಿದ್ದೆನೋ ಎಂದು ತಿಪ್ಪವ್ವನ ಮನೆಯ ಜಗುಲಿಯ ಮೇಲೆ ಕುಳಿತು ಮೊದಲ ಸಲ ಯೋಚಿಸಿದಳು. ಲೆಕ್ಕ ಸಿಗಲಿಲ್ಲ.

ಯಶೋಧರಾ ರಾಜರತ್ನನಿಗೆ ತಾನೇ ವಿಡಿಯೋ ಕಾಲ್ ಮಾಡಿದಳು. ನೆಟ್ ಸಿಕ್ಕಿಕೊಂಡಾಗಲೆಲ್ಲ ಇಬ್ಬರೂ ತಡೆದು, ಅದೇ ಮಾತನ್ನು ಮತ್ತೆ ಹೇಳಿಕೊಂಡರು. ಹೀಗೆ ಕೆಲವು ವಾರ ನಡೆಯಿತು. ಕಡೆಗೆ ವಿಜಯಪುರದ ಒಂದು ಬುದ್ಧವಿಹಾರದಲ್ಲಿ ಸರಳವಾಗಿ ಮದುವೆಯಾಯಿತು. ತಿಪ್ಪವ್ವ ಸಂಘಮಿತ್ರಾಳನ್ನು ಕರೆದು ಊಟಕ್ಕೆ ಕೂರಿಸಿದಳು. ಮದುವೆಯ ವಿಡಿಯೋ ತೆಗೆಯಲು ರಾಜರತ್ನ ತಂಗಿಗೆ ಹೇಳಲಿಲ್ಲ, ಗೆಳೆಯನೊಬ್ಬನಿಗೆ ಹೇಳಿದ.

ಈಗ ಅವರ ಮನೆಗೆ ಹೋದರೆ ಅಣ್ಣ ಚಹಾ ಮಾಡಿಕೊಡುತ್ತಾನೆ, ಕೆಲಸದ ಸುದ್ದಿ ಕೇಳುತ್ತಾನೆ. ದವಾಖಾನೆಗೆ ಜೊತೆಗೆ ಬಾ ಎಂದು ಮಾತ್ರ ಕರೆಯುವುದಿಲ್ಲ. ವೈದ್ಯರಿಗೆ ಚೀಟಿಯಲ್ಲಿ ಬರೆದು ತೋರಿಸುತ್ತಾನೆ. ಯಶೋಧರಾಳಿಗೂ ಮುನಿಸಿದ್ದಂತೆ ಕಾಣುವುದಿಲ್ಲ. ಗಂಡನ ಜೊತೆ ಅವಳ ಕೈಗಳು ಮಿಂಚಿನಂತೆ ಓಡುತ್ತವೆ. ಚಿಕ್ಕಂದಿನಿಂದ ಸನ್ನೆ ಬಲ್ಲ ನಾದಿನಿಯ ಕಡೆ ತಿರುಗಿದಾಗ ಮಾತ್ರ ಒಂದೊಂದೇ ಸನ್ನೆಯನ್ನು ಬಿಡಿಸಿ, ನಿಧಾನವಾಗಿ, ಈಗಷ್ಟೇ ಕಲಿಯುತ್ತಿರುವವರಿಗೆ ಹೇಳುವಂತೆ ಹೇಳುತ್ತಾಳೆ. ಸಂಘಮಿತ್ರಾ ಪ್ರತಿಯೊಂದಕ್ಕೂ ತಲೆಯಾಡಿಸುತ್ತಾಳೆ.