ಜಡ್ಜ್ ಸಾಹೇಬರ ಕುರ್ಚಿ ಮತ್ತು ಧೂಳಿನ ಪೈಪು

ಆ ಬಡಗಿಗೆ ಬೀದಿಯವರು ಇಟ್ಟ ಹೆಸರು ಜಡ್ಜ್ ಸಾಹೇಬರು. ಶೆಡ್ಡಿನ ನಟ್ಟನಡುವೆ ಎತ್ತರದ ಬೆನ್ನಿನ ಕೆತ್ತನೆ ಕುರ್ಚಿ ಹಾಕಿಕೊಂಡು, ಗಿರಾಕಿ ತಂದ ಮುರುಕು ಸ್ಟೂಲಿನಿಂದ ಹಿಡಿದು ಆ ಗಿರಾಕಿಯ ಮಗಳಿಗೆ ಬಂದ ಸಂಬಂಧದವರೆಗೆ ಎಲ್ಲದಕ್ಕೂ ತೀರ್ಪು ಕೊಡುವುದು ಅವನ ವಾಡಿಕೆ. ಅದನ್ನು ಕಿವಿಗೆ ಹಾಕಿಕೊಳ್ಳದವಳು ಒಬ್ಬಳೇ: ಶೆಡ್ಡಿನ ಹಿಂಭಾಗದಲ್ಲಿ ಪಾಲಿಶ್ ಮಾಡುವ ಅವನ ಅಕ್ಕ.

ಮರ ಹೆರೆಯುವ ಪ್ಲೇನಿಂಗ್ ಮೆಷಿನ್ನಿನಿಂದ ಧೂಳು ಎಳೆಯುವ ಯಂತ್ರಕ್ಕೆ ಹೋಗುವ ಪೈಪು ಮತ್ತೆ ಹರಿದಿತ್ತು. ಹಸಿ ಪಾಲಿಶಿನ ಮೇಲೆ ಹೊಟ್ಟು ಕೂತು, ಮೇಜು ಗಡ್ಡ ಬಿಟ್ಟಂತಾಗಿತ್ತು. ಅಕ್ಕ ಜಗಳವಾಡಲಿಲ್ಲ. ದಿನಾ ಮೊಳೆಗೆ ನೇತುಹಾಕುತ್ತಿದ್ದ ಬ್ರಷ್ಷನ್ನು ಅಂದು ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡಳು.

"ಇನ್ನೊಂದ್ಸಲ ಹೀಗಾದ್ರೆ ಈ ಬ್ರಷ್ಷು ಮುಂದಿನ ಬೀದಿ ಬಡಗಿ ಹತ್ರ ಹೋಗುತ್ತೆ. ಜೊತೆಗೆ ನಾನೂ," ಎಂದಳಷ್ಟೆ.

ಗಿರಾಕಿಗಳು ಬರುವುದು ಅವಳ ಕೈಯ ಹೊಳಪಿಗೆ ಎಂಬುದು ತಮ್ಮನಿಗೆ ಗೊತ್ತಿತ್ತು, ಬಾಯಿಬಿಟ್ಟು ಹೇಳಿರಲಿಲ್ಲ.

ತಪ್ಪು ಪೈಪು ಮಾರಿದ ಅಂಗಡಿಯವನದೇ ಎಂದು ತೀರ್ಪೇನೋ ಆಗಿತ್ತು. ಆದರೆ ತಲೆಗೊಂದು ಹುಳ ಹೊಕ್ಕಿತು: ಪ್ರತಿ ಸಲವೂ ಪೈಪು ಕುರ್ಚಿಯನ್ನು ಸುತ್ತಿ ಹೋಗುವ ತಿರುವಿನಲ್ಲೇ ಯಾಕೆ ಹರಿಯುತ್ತದೆ? ಹಳೆಯ ಪೈಪನ್ನು ಉದ್ದಕ್ಕೆ ಸೀಳಿ ಒಳಗೆ ಬೆರಳಾಡಿಸಿದ. ನೇರವಿದ್ದ ಕಡೆ ಹೊಸದರ ಹಾಗೇ ಇತ್ತು; ಬಾಗಿದ ಕಡೆ ಹೊರಮಗ್ಗುಲು ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಾಗಿತ್ತು. ಗಾಳಿಯೊಡನೆ ಓಡಿ ಬಂದ ಮರದ ಚಕ್ಕೆಗಳು ತಿರುಗುವ ಗೋಜಿಗೆ ಹೋಗದೆ ನೇರ ಅಲ್ಲಿಗೇ ಬಡಿದಿದ್ದವು.

ಇಷ್ಟು ದಿನ ಅಂಗಡಿಯಲ್ಲಿ ಅವನು ಮಾಡುತ್ತಿದ್ದ ಪರೀಕ್ಷೆಯೇ ಬೇರೆ. ಪೈಪುಗಳನ್ನು ಗಂಟು ಹಾಕುವಂತೆ ಬಗ್ಗಿಸಿ, ಮೆತ್ತಗೆ ಮಣಿದದ್ದನ್ನು ಪಾಸು ಮಾಡುತ್ತಿದ್ದ. ಈ ಸಲ ಪೈಪಿನ ಗೋಡೆ ಎಷ್ಟು ದಪ್ಪ ಎಂದು ಚಿವುಟಿ ನೋಡಿ, ದಪ್ಪ ಪ್ಲಾಸ್ಟಿಕ್ಕಿನೊಳಗೆ ತಂತಿಯ ಸುರುಳಿ ಹುದುಗಿಸಿದ್ದನ್ನು ತಂದ. ಜೋಡಿಸಲು ಹೋದರೆ ಅದು ಕುರ್ಚಿಯನ್ನು ಸುತ್ತಿಕೊಂಡು ಹೋಗಲೊಲ್ಲದು.

"ತುಂಬಾ ಗಡುಸು ಅಕ್ಕಾ, ತಿರುಗಲ್ಲ," ಎಂದ.

"ಎಲ್ಲಾ ಪೈಪಿಗೂ 'ನನ್ನ ಕುರ್ಚಿ ಸುತ್ತಿ ಬಾ' ಅಂತೀಯ. ಒಂದ್ಸಲ ಕುರ್ಚಿಗೆ ಸರ್ಕೋ ಅಂತ ಹೇಳಿ ನೋಡೋ."

ಜಡ್ಜ್ ಸಾಹೇಬರು ಕುರ್ಚಿಯ ತೋಳು ಸವರಿದರು, ಗಂಟಲು ಸರಿಮಾಡಿಕೊಂಡರು, ಆಮೇಲೆ ಅದನ್ನು ತಾವೇ ಬಾಗಿಲ ಮೂಲೆಗೆ ಎಳೆದರು. ಪೈಪು ಆರಾಮವಾಗಿ ದೊಡ್ಡ ತಿರುವು ತೆಗೆದುಕೊಂಡು ಯಂತ್ರ ಸೇರಿತು.

ಮೆಷಿನ್ ಓಡುತ್ತಿರುವಾಗಲೇ ಅಕ್ಕ ಒಂದು ಮೇಜಿಗೆ ಪಾಲಿಶ್ ಬಳಿದಳು. ತಮ್ಮ ನಿಂತೇ ಕಾದ. ಒಣಗಿದ ಮೇಲೆ ಅವಳು ಬಗ್ಗಿ, ಬೆಳಕಿಗೆ ಓರೆಯಾಗಿ ನೋಡಿದಳು. ಹೊಟ್ಟಿನ ಕಣವೊಂದೂ ಇರಲಿಲ್ಲ; ಪಕ್ಕದಲ್ಲಿ ನಿಂತ ತಮ್ಮನ ಬೆವೆತ ಮೂಗು ಅದರಲ್ಲಿ ಸ್ಪಷ್ಟವಾಗಿ ಕಂಡಿತು.

ಅಕ್ಕ ಬ್ರಷ್ ತೊಳೆದು ಹಳೆಯ ಮೊಳೆಗೆ ನೇತುಹಾಕಿ, ಹೋಗಿ ಕುರ್ಚಿಯಲ್ಲಿ ಕೂತಳು.

"ಪರವಾಗಿಲ್ಲ ಕಣೋ, ಪಾಸು," ಎಂದಳು.